ಗುರಿಯ ಬುಡದಲ್ಲಿ ಕೂತವರು

ಅಪ್ಪನಿಗೆ ಎರಡೂ ಕಿವಿ ಮಂದ. ಎಡಗಿವಿ ಸ್ವಲ್ಪ ಜಾಸ್ತಿ. ಫೋನನ್ನು ಯಾವಾಗಲೂ ಬಲಗಡೆಗೇ ಹಿಡಿಯುತ್ತಾರೆ, ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ನನ್ನ ಹೆಂಡತಿಯನ್ನು ಕೇಳುತ್ತಾರೆ. ಕಾರಣ ಕೇಳಿದರೆ "ಚಾಂದಮಾರಿಯೊಳಗ ಹೋತು" ಅನ್ನುತ್ತಾರೆ, ಅಷ್ಟೇ. ಚಾಂದಮಾರಿ ಅಂದರೆ ಗುಂಡು ಹಾರಿಸುವ ಅಭ್ಯಾಸದ ಮೈದಾನ. ಸೇನೆಯಲ್ಲಿದ್ದವರು, ಬಂದೂಕು ಹಾರಿಸಿ ಹಾರಿಸಿ ಹಾಗಾಗಿರಬೇಕು ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ ಅಂತ ಗೊತ್ತಾಗಿದ್ದು ಕಳೆದ ಚಳಿಗಾಲದಲ್ಲಿ, ಅಕ್ಕನ ಮಗಳಿಗೆ ಒಂದು ಕ್ಯಾಮೆರಾ ಮಾಡಿಕೊಡಲು ಕೂತಾಗ.

ನಾವು ಬೆಳಗಾವಿ ಕಡೆಯವರು. ನಾನು ಪುಣೆಗೆ ಬಂದು 19 ವರ್ಷ ಆಯಿತು. ಕಾರ್ಖಾನೆಗಳಲ್ಲಿ ತಯಾರಾದ ಸಾಮಾನನ್ನು ಪರೀಕ್ಷೆ ಮಾಡುವ ಕ್ಯಾಮೆರಾ ಕೂರಿಸುವುದು ನನ್ನ ಕೆಲಸ. ಬಾಟಲಿ ಮುಚ್ಚಳ ಸೊಟ್ಟ ಕೂತಿದೆಯಾ, ಬೇರಿಂಗ್ ಮೇಲೆ ಗೀರು ಬಿದ್ದಿದೆಯಾ, ಇಂಥವು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ 50 ಮೀಟರ್ ರೈಫಲ್ ಕಲಿತವಳು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನ ಮೂರು ಭಂಗಿ ಸ್ಪರ್ಧೆಯಲ್ಲಿ ಕಂಚು ಗೆದ್ದ ದಿನ ನಮ್ಮ ಮನೆಯಲ್ಲಿ ಯಾರೂ ಟೀವಿ ಮುಂದಿನಿಂದ ಏಳಲಿಲ್ಲ. ಕೊಲ್ಲಾಪುರ ಜಿಲ್ಲೆಯ ಹುಡುಗ ಅಂದರೆ ನಮಗೆ ಪಕ್ಕದ ಊರಿನವನೇ ಅಲ್ವಾ. ಅವಳು ಆಮೇಲೆ 300 ಮೀಟರ್ ಬಿಗ್ ಬೋರ್, ಅಂದರೆ ದಪ್ಪ ಗುಂಡಿನ ರೈಫಲ್ ಕಡೆ ಹೊರಳಿದಳು. ಪುಣೆಯ ಹೊರಗೆ, ಗುಡ್ಡದ ಬುಡದಲ್ಲಿರುವ ಒಂದು ರೇಂಜಿನಲ್ಲಿ ಭಾನುವಾರ ಅಭ್ಯಾಸ.

50 ಮೀಟರಿಗೂ 300 ಮೀಟರಿಗೂ ವ್ಯತ್ಯಾಸ ಬರೀ ದೂರದ್ದಲ್ಲ. ಬಾಲೇವಾಡಿಯಲ್ಲಿ ಗುಂಡು ಎಲ್ಲಿ ಬಿತ್ತು ಅಂತ ಪಕ್ಕದ ಪರದೆಯಲ್ಲಿ ಆ ಕ್ಷಣವೇ ಕಾಣುತ್ತದೆ. ಈ ರೇಂಜಿನಲ್ಲಿ ಇರುವುದು ಕಾಗದ. ಅದರ ನಡುವಿನ ಕಪ್ಪು ವೃತ್ತ 600 ಮಿಲಿಮೀಟರ್ ಅಗಲ, ಹತ್ತು ಅಂಕದ ಉಂಗುರ 100 ಮಿಲಿಮೀಟರ್. ಕೇಳಲು ದೊಡ್ಡದು. ಆದರೆ ಗುಂಡು ಮಾಡುವ ತೂತು ಎಂಟು ಮಿಲಿಮೀಟರಿಗಿಂತ ಸಣ್ಣದು. ಒಳ್ಳೆಯ ಕಣ್ಣಿಗೂ 300 ಮೀಟರ್ ದೂರದಲ್ಲಿ ಸುಮಾರು 9 ಸೆಂಟಿಮೀಟರಿಗಿಂತ ಸಣ್ಣ ವಿವರ ತಿಳಿಯುವುದಿಲ್ಲ. ಹನ್ನೆರಡು ಪಟ್ಟು ಹಿಗ್ಗಿಸಿದರೆ ಆ ತೂತು ಕಂಡೂ ಕಾಣದ ಹಾಗೆ ಇರುತ್ತದೆ, ಸರಿಯಾಗಿ ಕಾಣಬೇಕಾದರೆ 40, 60 ಪಟ್ಟಿನ ದುರ್ಬೀನು ಬೇಕು. ಅದೂ ಬೆಳಿಗ್ಗೆ ಎಂಟರವರೆಗೆ. ನೆಲ ಕಾದ ಮೇಲೆ ಬಿಸಿಗಾಳಿ ಏಳುತ್ತದೆ, ದುರ್ಬೀನಿನಲ್ಲಿ ಕಾಗದ ನೀರೊಳಗೆ ಮುಳುಗಿದ ಹಾಗೆ ಅಲುಗಾಡುತ್ತದೆ. ಶೂಟರ್‌ಗಳು ಮಿರಾಜ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬಿಸಿಲ್ಗುದುರೆ ಅಂತ ಎಷ್ಟು ಚಂದದ ಹೆಸರಿದೆ. ನಿಜಕ್ಕೂ ಓಡುವ ಕುದುರೆಯೇ ಅದು, ಗಾಳಿ ಯಾವ ಕಡೆಗೋ ಆ ಕಡೆಗೆ ವಾಲಿಕೊಂಡು ಓಡುತ್ತದೆ, ಅಡ್ಡಗಾಳಿ ನಿಂತರೆ ನೇರವಾಗಿ ಮೇಲಕ್ಕೆ ಕುದಿಯುತ್ತದೆ. ಅದನ್ನು ನೋಡಿಯೇ ಅವಳು ಗಾಳಿಯ ಲೆಕ್ಕ ಹಾಕುತ್ತಾಳೆ. ತೂತು ಮಾತ್ರ ಕಾಣುವುದಿಲ್ಲ.

ಹಾಗಾಗಿ ನಡೆಯಬೇಕು. ಹತ್ತು ಗುಂಡು ಹಾರಿಸಿ ನಿಲ್ಲಿಸಬೇಕು. ಎಲ್ಲರ ರೈಫಲ್ ಬೋಲ್ಟ್ ತೆರೆದಿರಬೇಕು, ಒಳಗೆ ಗುಂಡಿಲ್ಲ ಅಂತ ತೋರಿಸುವ ಬಣ್ಣದ ಪಟ್ಟಿ ಸಿಕ್ಕಿಸಿರಬೇಕು, ಯಾರೂ ರೈಫಲ್ ಹತ್ತಿರ ಇರಬಾರದು. ಆಮೇಲೆ 300 ಮೀಟರ್ ಹೋಗಿ, ನೋಡಿ, ತೂತಿಗೆ ಪಟ್ಟಿ ಹಚ್ಚಿ, 300 ಮೀಟರ್ ವಾಪಸ್. ಹದಿನೈದು ನಿಮಿಷ ಹೋಯಿತು. ಅಷ್ಟರಲ್ಲಿ ಬ್ಯಾರಲ್ ತಣ್ಣಗಾಗಿರುತ್ತದೆ, ಬೆಳಕು ಬದಲಾಗಿರುತ್ತದೆ, ಆರನೇ ಗುಂಡು ಬಿಟ್ಟಾಗ ಭುಜ ಹೇಗಿತ್ತು ಅನ್ನುವುದು ಮರೆತಿರುತ್ತದೆ. "ಮಾಮಾ, ಅಲ್ಲೊಂದು ಕ್ಯಾಮೆರಾ ಇಟ್ಟರೆ ಆಗಲ್ವಾ?" ಅಂತ ಅವಳು ಕೇಳಿದ್ದು ಇದಕ್ಕೆ.

ಊಟದ ಹೊತ್ತಿನ ಮಾತು ಅದು. ಅಪ್ಪ ಅಲ್ಲೇ ಇದ್ದರು. ನಿಮ್ಮ ಕಾಲದಲ್ಲಿ ಹೇಗೆ ನೋಡುತ್ತಿದ್ದಿರಿ ಅಂತ ಸುಮ್ನೆ ಕೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದರು: "ನಾವs ಅಲ್ಲಿ ಕುಂದರತಿದ್ದಿವಿ."

ಬಟ್ಸ್ ಅಂತ ಕರೆಯುವ ಜಾಗ ಅದು. ಗುರಿಗಳ ಮುಂದೆ ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಹಿಂದೆ ಆಳದ ತಗ್ಗು. ಬಟ್ ಪಾರ್ಟಿಯವರು ಆ ತಗ್ಗಿನಲ್ಲಿ ಕೂರಬೇಕು. ಗುರಿಯ ಚೌಕಟ್ಟು ಅವರ ತಲೆಯ ಮೇಲೆ ನಿಂತಿರುತ್ತದೆ. ಗುಂಡು ಬಿದ್ದ ಕೂಡಲೇ ಅದನ್ನು ಕೆಳಗೆ ಎಳೆದುಕೊಂಡು, ತೂತು ಹುಡುಕಿ, ದೂರಕ್ಕೆ ಕಾಣುವ ಬಿಲ್ಲೆಯನ್ನು ಅದಕ್ಕೆ ಚುಚ್ಚಿ, ಹಳೆಯ ತೂತಿಗೆ ಕಾಗದದ ಪಟ್ಟಿ ಅಂಟಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು. ಗುಂಡು ಕಾಗದಕ್ಕೆ ತಾಗಲೇ ಇಲ್ಲ ಅಂದರೆ ಬಾವುಟ ಬೀಸಿ ವಾಶೌಟ್ ಅಂತ ತಿಳಿಸಬೇಕು. ದಿನವಿಡೀ ಇದೇ ಕೆಲಸ. ಅಂಟು ಅಂದರೆ ಮೈದಾ ಕುದಿಸಿದ ಲೇಯಿ. ಮಳೆಗಾಲದಲ್ಲಿ ಪಟ್ಟಿ ನಿಲ್ಲುತ್ತಿರಲಿಲ್ಲ, ಬೇಸಿಗೆಯಲ್ಲಿ ಲೇಯಿ ಡಬ್ಬಿಯಲ್ಲೇ ಒಣಗುತ್ತಿತ್ತು ಅಂದರು. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ನಡೆಯುತ್ತಿರುವ ದೊಡ್ಡ ಸ್ಪರ್ಧೆಯ ಕೊನೆಯ ಸುತ್ತು 900 ಮತ್ತು 1000 ಗಜದಿಂದ. ಅಲ್ಲಿಯೂ ಹೀಗೆ ತಗ್ಗಿನಲ್ಲಿ ನಿಂತು ಗುರಿ ಎಳೆಯುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಗೆದ್ದವನ ಫೋಟೋ ನೋಡಿದ್ದೇವೆ, ತಗ್ಗಿನಲ್ಲಿದ್ದವನದ್ದು ನಾನಂತೂ ನೋಡಿಲ್ಲ.

"ಪ್ರತಿ ಗುಂಡ ತಲಿ ಮ್ಯಾಲಿಂದ ಹೋಗತದ," ಅಂದರು ಅಪ್ಪ. "ಮೊದಲ ಚಟ್ ಅಂತದ. ಚಾಟಿ ಹೊಡದಾಂಗ. ಬಂದೂಕಿನ ಆವಾಜ ಆಮ್ಯಾಲ ಬರತದ, ಧಪ್ ಅಂತ. ಆ ಚಟ್ ಅನ್ನೋದ ಐತೆಲ್ಲ, ಅದ ಕಿವಿ ತಿಂತು."

ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಆ ವಾರವೆಲ್ಲ ನಾನು ಓದುತ್ತಿದ್ದಿದ್ದು ಅದೇ ಸದ್ದಿನ ಬಗ್ಗೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಇಂಥ ರೈಫಲ್ಲಿನ ಗುಂಡು ಅದರ ಎರಡು ಪಟ್ಟಿಗಿಂತ ವೇಗದಲ್ಲಿ ಹೊರಡುತ್ತದೆ. ದೋಣಿ ನೀರನ್ನು ಸೀಳಿದ ಹಾಗೆ ಗಾಳಿಯನ್ನು ಸೀಳಿಕೊಂಡು, ಹಿಂದೆ ಒಂದು ಆಘಾತದ ಅಲೆಯನ್ನು ಎಳೆದುಕೊಂಡು ಬರುತ್ತದೆ. ಆ ಅಲೆ ಕಿವಿಗೆ ಬಡಿದರೆ ಚಟ್. 300 ಮೀಟರಿಗೆ ಗುಂಡು ಅರ್ಧ ಸೆಕೆಂಡಿಗಿಂತ ಮೊದಲೇ ಬಂದಿರುತ್ತದೆ, ಬಂದೂಕಿನ ಸದ್ದಿಗೆ ಒಂದು ಸೆಕೆಂಡಿನ ಹತ್ತಿರ ಬೇಕು. ಅಪ್ಪ ಹೇಳಿದ ಚಟ್ ಮತ್ತು ಧಪ್ ನಡುವಿನ ಅಂತರ ಇದೇ. ಗುಂಡು ಬಿದ್ದ ಜಾಗವನ್ನು ಪರದೆಯಲ್ಲಿ ತೋರಿಸುವ ಎಲೆಕ್ಟ್ರಾನಿಕ್ ಗುರಿಗಳಲ್ಲಿ ಹಲವು ಕೆಲಸ ಮಾಡುವುದು ಸದ್ದಿನಿಂದಲೇ. ಮೂಲೆಗಳಲ್ಲಿ ಸಣ್ಣ ಮೈಕುಗಳು. ಸದ್ದು ಯಾವ ಮೈಕಿಗೆ ಎಷ್ಟು ಮೊದಲು ತಲುಪಿತು ಅನ್ನುವುದರಿಂದ ಗುಂಡು ಎಲ್ಲಿ ಹಾದುಹೋಯಿತು ಅಂತ ಲೆಕ್ಕ ಹಾಕುತ್ತವೆ. ಒಂದು ಮೈಕ್ರೋಸೆಕೆಂಡಿನಲ್ಲಿ ಸದ್ದು ಹೋಗುವುದು ಮೂರನೇ ಒಂದು ಮಿಲಿಮೀಟರ್, ಅಷ್ಟು ನಾಜೂಕಿನ ಲೆಕ್ಕ. ಬಿಸಿಲು ಏರಿದರೆ ಶಬ್ದದ ವೇಗವೂ ಏರುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಷ್ಟು. ಅದಕ್ಕೇ ಅದರೊಳಗೆ ಉಷ್ಣತೆ ಅಳೆಯುವ ಸಾಧನವೂ ಇರುತ್ತದೆ.

300 ಮೀಟರಿನಲ್ಲಿ ಆ ಮೈಕುಗಳು ಕೇಳುವ ಸದ್ದು ಅಪ್ಪ ವರ್ಷಗಟ್ಟಲೆ ಕೇಳಿದ ಸದ್ದೇ. ಅವರ ಕಿವಿಯಲ್ಲಿ ಇದ್ದದ್ದು ಹತ್ತಿ. ಒಮ್ಮೆಲೇ ಬರುವ ಸದ್ದು 140 ಡೆಸಿಬೆಲ್ ದಾಟಿದರೆ ಕಿವಿಗೆ ಪೆಟ್ಟು ಅಂತ ಈಗ ಎಲ್ಲ ಕಡೆ ಹೇಳುತ್ತಾರೆ, ರೈಫಲ್ ಅದನ್ನು ಒಂದೇ ಗುಂಡಿಗೆ ದಾಟುತ್ತದೆ. ಬಲಗೈಯವರು ರೈಫಲ್ ಹಿಡಿದಾಗ ಎಡಗಿವಿ ಬಂದೂಕಿನ ಬಾಯಿಗೆ ಹತ್ತಿರ, ಬಲಗಿವಿಗೆ ತಲೆಯೇ ಮರೆ. ಎಡಗಿವಿ ಜಾಸ್ತಿ ಹೋಗಿದ್ದು ಅದಕ್ಕಿರಬೇಕು. ಎರಡೂ ಮಂದವಾಗಿದ್ದಕ್ಕೆ ಆ ತಗ್ಗು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನು ಕೇಳದೇ ಹೋದೆನಲ್ಲ ಅನ್ನುವುದು ಇನ್ನೂ ಕೊರೆಯುತ್ತದೆ.

ಕ್ಯಾಮೆರಾಗಿಂತ ಮೊದಲು ಡ್ರೋನ್ ಪ್ರಯತ್ನ ಮಾಡಿದೆವು. ಅಕ್ಕನ ಮಗಳ ಜೊತೆ ಅಭ್ಯಾಸ ಮಾಡುವ ಹುಡುಗನ ಹತ್ತಿರ 249 ಗ್ರಾಮಿನದ್ದೊಂದಿತ್ತು. ಅವನ ಉತ್ಸಾಹ ದೊಡ್ಡದು. ಮೂವತ್ತು ಸೆಕೆಂಡಿನಲ್ಲಿ ಹಾರಿ ಹೋಗಿ ಕಾಗದದ ಮುಂದೆ ನಿಂತು ಫೋಟೋ ತೆಗೆದು ಬರುತ್ತದೆ, ನಡೆಯುವುದೇ ಬೇಡ ಅಂದ. ರೇಂಜಿನಲ್ಲಿ ಹಾಗೆಲ್ಲ ಹಾರಿಸುವ ಹಾಗಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶ ಕೆಂಪು, ಹಳದಿ, ಹಸಿರು ಅಂತ ಹಂಚಿಹೋಗಿದೆ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಕೇಳದೆ ಹಾರಿಸಬಹುದು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಆಗುವುದಿಲ್ಲ. ಲೋಹಗಾಂವ್ ವಾಯುನೆಲೆ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ), ಸೇನೆಯ ದಕ್ಷಿಣ ಕಮಾಂಡ್ ಎಲ್ಲ ಇರುವ ಊರು ಪುಣೆ, ನಕ್ಷೆ ನೋಡದೆ ಇಲ್ಲಿ ಏನನ್ನೂ ಮೇಲೆ ಬಿಡಬಾರದು. ನೋಡಿದೆವು, ಶಿರೂರು ಕಡೆ ಗೆಳೆಯನ ಹೊಲ ಹಸಿರಿನಲ್ಲಿತ್ತು. ಈರುಳ್ಳಿ ಕಿತ್ತು ಖಾಲಿ ಬಿಟ್ಟ ನೆಲ. ಬಂದೂಕಿಲ್ಲ, ಗುಂಡಿಲ್ಲ, ಹಳೆಯ ತೂತುಗಳಿದ್ದ ಕಾಗದವನ್ನು ಚೌಕಟ್ಟಿಗೆ ಹೊಡೆದು ನಿಲ್ಲಿಸಿದೆವು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ.

ಡ್ರೋನ್ ಬೇಗ ಹೋಯಿತು, ಅದು ನಿಜ. ಆದರೆ ಅದರ ಲೆನ್ಸು ಅಗಲದ ನೋಟದ್ದು, ತೂತು ಕಾಣಬೇಕಾದರೆ ಎರಡು ಮೀಟರ್ ಹತ್ತಿರ ಹೋಗಬೇಕು. ಹತ್ತಿರ ಹೋದರೆ ರೆಕ್ಕೆಯ ಗಾಳಿಗೆ ಕಾಗದ ಪಟಪಟ ಬಡಿದುಕೊಂಡು ಒಂದು ಮೂಲೆ ಹರಿಯಿತು. ಗಾಳಿ ಬೀಸಿದಾಗ ಅರ್ಧ ಮೀಟರ್ ಅತ್ತ ಇತ್ತ ಸರಿಯುತ್ತದೆ. ಬ್ಯಾಟರಿ ಅರ್ಧ ಗಂಟೆಯೂ ಇಲ್ಲ. ಇದೆಲ್ಲ ದುಡ್ಡು ಹಾಕಿದರೆ ಸರಿಹೋಗುತ್ತದೆ, ದೂರದಿಂದಲೇ ಜೂಮ್ ಮಾಡುವ ಡ್ರೋನ್‌ಗಳಿವೆ. ನನಗೆ ಒಪ್ಪಿಗೆಯಾಗದ್ದು ಬೇರೆ. ಡ್ರೋನ್ ಮುಂದೆ ಹೋಗಬೇಕಾದರೂ ಎಲ್ಲರೂ ಗುಂಡು ನಿಲ್ಲಿಸಲೇಬೇಕು. ನಿಲ್ಲಿಸದೆ, ಪಕ್ಕದ ಸಾಲಿನಲ್ಲಿ ಹಾರುತ್ತಿದೆ ತಾನೇ ಅಂತ ಒಬ್ಬ ಶುರು ಮಾಡಿದರೆ ಆ ರೇಂಜಿನಲ್ಲಿ ಶಿಸ್ತು ಹೋಯಿತು ಅಂತಲೇ ಲೆಕ್ಕ. ಇವತ್ತು ಡ್ರೋನ್ ಮುಂದಿದ್ದಾಗ ಗುಂಡು ಹಾರಿಸಿದ ಕೈ ನಾಳೆ ಮನುಷ್ಯ ಮುಂದಿದ್ದಾಗಲೂ ತಡೆಯುವುದಿಲ್ಲ. ಗುಂಡು ನಿಲ್ಲಿಸುವುದೇ ಆದರೆ ನಡೆದು ಹೋಗುವುದಕ್ಕಿಂತ ಉಳಿಯುವುದು ಎಂಟು ನಿಮಿಷ.

ಹೊರಡುವ ಮೊದಲು ಹುಡುಗ ಡ್ರೋನನ್ನು ನಲವತ್ತು ಮೀಟರ್ ಮೇಲಕ್ಕೆ ಏರಿಸಿದ, ಹೊಲ ಹೇಗೆ ಕಾಣುತ್ತದೆ ನೋಡೋಣ ಅಂತ. ನಾವು ಗುರಿ ನಿಲ್ಲಿಸಿದ್ದ ಬದುವಿನ ಆಚೆ, ಇಪ್ಪತ್ತು ಮಾರು ದೂರದಲ್ಲಿ, ಒಬ್ಬ ಹೆಂಗಸು ಬಗ್ಗಿ ಹುಲ್ಲು ಕೊಯ್ಯುತ್ತಿದ್ದಳು. ಪಕ್ಕದಲ್ಲಿ ಒಂದು ಮಗು ಕೂತಿತ್ತು. ಒಂದು ಗಂಟೆಯಿಂದ ನಾವು ಅಲ್ಲೇ ಓಡಾಡುತ್ತಿದ್ದೆವು, ನಾಲ್ವರಲ್ಲಿ ಒಬ್ಬರಿಗೂ ಅವರು ಅಲ್ಲಿರುವುದು ಗೊತ್ತಿರಲಿಲ್ಲ.

ಯಾರೂ ಮಾತಾಡಲಿಲ್ಲ. ಅಪ್ಪ ಫೋನಿನ ಪರದೆಯನ್ನು ಹತ್ತಿರ ಹಿಡಿದು ನೋಡಿದರು. "ಇದಕ್ಕ ಬೇಕು ನೋಡಪಾ ನಿಮ್ಮ ಯಂತ್ರ," ಅಂದರು. "ಕಾಗದ ನೋಡಾಕ ಅಲ್ಲ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ ಅಂತ ನನ್ನ ನಂಬಿಕೆ. ಇಂಥ ರೈಫಲ್ಲಿನ ಗುಂಡು ಯಾವುದೂ ತಡೆಯದಿದ್ದರೆ ನಾಲ್ಕು ಕಿಲೋಮೀಟರ್‌ವರೆಗೂ ಹೋಗಬಲ್ಲದು. ಗುರಿಯ ಹಿಂದಿನ ದಿಬ್ಬ ದಾಟಿದ ಒಂದು ಗುಂಡು, ಕಲ್ಲಿಗೆ ತಾಗಿ ಸಿಡಿದ ಒಂದು ಚೂರು, ಎಲ್ಲಿ ಹೋಗಿ ಬೀಳುತ್ತದೆ? ಚಾಂದಮಾರಿಯ ಹಿಂದೆ ದನ ಮೇಯಿಸುವವರು ಬರುತ್ತಾರೆ, ಸೌದೆಗೆ ಬರುತ್ತಾರೆ, ಹಿತ್ತಾಳೆ ಸೀಸ ಆರಿಸಿ ಮಾರುವ ಮಕ್ಕಳು ಬರುತ್ತಾರೆ. ಕೆಂಪು ಬಾವುಟ ಹಾಕಿರುತ್ತಾರೆ, ಕಾವಲಿನವರು ನಿಂತಿರುತ್ತಾರೆ. ಆದರೂ ಬದುವಿನ ಆಚೆ ಬಗ್ಗಿ ಕೂತವಳು ಕಾವಲಿನವನಿಗೆ ಕಾಣುತ್ತಾಳಾ? ಅನುಮತಿ ಸಿಗುವ ಜಾಗದಲ್ಲಿ, ಬೆಳಿಗ್ಗೆ ಮೊದಲ ಗುಂಡಿಗೆ ಮುಂಚೆ ಒಂದು ಸುತ್ತು, ಮಧ್ಯಾಹ್ನ ಮತ್ತೊಂದು ಸುತ್ತು, ಗುರಿಯ ಹಿಂದಿನ ನೆಲವನ್ನೆಲ್ಲ ಮೇಲಿನಿಂದ ನೋಡಿ ಆಮೇಲೆ ಶುರು ಮಾಡಿದರೆ ಡ್ರೋನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ನಾವು ಹೋಗುವ ರೇಂಜಿಗೆ ಆ ಅನುಮತಿ ಇಲ್ಲ. ಶಿರೂರಿನಿಂದ ಬಂದ ಮೇಲೆ ಅಕ್ಕನ ಮಗಳು ಮತ್ತು ಆ ಹುಡುಗ ಕಾವಲಿನವರ ಜೊತೆ ತಾವೂ ಗುಡ್ಡದ ಹಿಂದಕ್ಕೆ ಒಂದು ಸುತ್ತು ನಡೆದು ಬಂದು ರೈಫಲ್ ಮುಟ್ಟುತ್ತಾರೆ.

ತೂತು ನೋಡಲು ನೆಲದ ಮೇಲೆ ಇಟ್ಟ ಕ್ಯಾಮೆರಾ ಸಾಕು. ಬುಧವಾರ ಪೇಠೆಯಲ್ಲಿ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡು ಶನಿವಾರ ಸುತ್ತಿ ಸಾಮಾನು ತಂದೆ. ಒಂದು ಸಣ್ಣ ಕಂಪ್ಯೂಟರ್ ಬೋರ್ಡು, ಒಳ್ಳೆಯ ಲೆನ್ಸಿನ ಕ್ಯಾಮೆರಾ, 12 ವೋಲ್ಟಿನ ಬ್ಯಾಟರಿ, ಸಿಸಿಟಿವಿಯವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾಕುವ ವೈಫೈ ಜೋಡಿ. ಕಾಗದದಿಂದ ಐದು ಮೀಟರ್ ಈಚೆ, ಎಡಕ್ಕೆ ಸರಿದು, ಗುಂಡಿನ ದಾರಿಗಿಂತ ಸಾಕಷ್ಟು ಕೆಳಗೆ, ಮರಳು ಚೀಲಗಳ ಮರೆಯಲ್ಲಿ ಕ್ಯಾಮೆರಾ. ಒಂದು ಮೀಟರ್ ಅಗಲದ ಕಾಗದಕ್ಕೆ ಚಿತ್ರದಲ್ಲಿ ಸುಮಾರು 4000 ಚುಕ್ಕಿ (ಪಿಕ್ಸೆಲ್) ಸಿಗುತ್ತದೆ, ಅಂದರೆ ಒಂದು ತೂತಿಗೆ ಮೂವತ್ತರ ಹತ್ತಿರ. ಧಾರಾಳ ಆಯಿತು. ಐದೇ ಮೀಟರ್ ಆದ್ದರಿಂದ ಬಿಸಿಲ್ಗುದುರೆಯ ಕಾಟವೂ ಇಲ್ಲ.

ಮುಂಚಿನ ಚಿತ್ರ, ಈಗಿನ ಚಿತ್ರ, ಎರಡನ್ನೂ ಕಳೆದು ಹೊಸ ತೂತು ಹುಡುಕುವುದು ನನಗೆ ದಿನನಿತ್ಯದ ಕೆಲಸ. ಆದರೆ ಕಾರ್ಖಾನೆಯಲ್ಲಿ ಮೋಡ ಇರುವುದಿಲ್ಲ. ಇಲ್ಲಿ ಒಂದು ಮೋಡ ಹಾದರೆ ಕಾಗದವೆಲ್ಲ ಹೊಸ ತೂತು. ಗಾಳಿಗೆ ಕಾಗದ ಎರಡು ಮಿಲಿಮೀಟರ್ ಉಬ್ಬಿದರೆ ಹಳೆಯ ತೂತೆಲ್ಲ ಹೊಸದು. ನಾಲ್ಕು ಮೂಲೆಗೆ ಕಪ್ಪು ಬೊಟ್ಟು ಹಾಕಿ, ಅವನ್ನು ಹಿಡಿದು ಪ್ರತಿ ಚಿತ್ರವನ್ನೂ ನೇರ ಮಾಡಿಕೊಂಡ ಮೇಲೆ ಹದಕ್ಕೆ ಬಂತು. ಕಪ್ಪು ವೃತ್ತದಲ್ಲಿ ಬಿದ್ದ ತೂತು ಕಪ್ಪಿನಲ್ಲೇ ಮುಳುಗಿ ಹೋಗುತ್ತಿತ್ತು, ಅದಕ್ಕೆ ಉಪಾಯ ಹೇಳಿದ್ದು ಅಪ್ಪ. ಕಾಗದದ ಹಿಂದೆ ಬೆಳಕು ಬರಲಿ ಅಂದರು. ತಗ್ಗಿನಲ್ಲಿ ಅವರು ಗುರಿಯನ್ನು ಆಕಾಶದ ಕಡೆ ಹಿಡಿದು ತೂತು ಹುಡುಕುತ್ತಿದ್ದರಂತೆ. ಒಂದು ಗೇಣು ಹಿಂದೆ ಬಿಳಿ ಸನ್‌ಬೋರ್ಡ್, ಅಂದರೆ ಹಗುರದ ಫೋಮ್ ಹಲಗೆ ಕಟ್ಟಿದೆ. ಕ್ಯಾಮೆರಾ ಓರೆಯಿಂದ ನೋಡುತ್ತದೆ, ಹಾಗಾಗಿ ತೂತಿನೊಳಗಿಂದ ಅದಕ್ಕೆ ಕಾಣುವುದು ಬೋರ್ಡಿನಲ್ಲಿ ಗುಂಡು ಹೊಡೆದ ಜಾಗವಲ್ಲ, ಪಕ್ಕದ ಬಿಳಿ. ಪ್ರತಿ ತೂತೂ ನಕ್ಷತ್ರದ ಹಾಗೆ ಬೆಳಗಿತು.

ಜನವರಿಯ ಒಂದು ಭಾನುವಾರ ಅಪ್ಪನನ್ನು ರೇಂಜಿಗೆ ಕರೆದುಕೊಂಡು ಹೋದೆ. ಕಿವಿಗೆ ಒಳಗೊಂದು, ಮೇಲೊಂದು ರಕ್ಷಣೆ ಹಾಕಿಸಿದೆ. ಗುಂಡು ಹಾರಿಸುವವರ ಸಾಲಿನ ಹಿಂದೆ ಕುರ್ಚಿ ಹಾಕಿ, ಟ್ಯಾಬ್ಲೆಟ್ ಅವರ ತೊಡೆಯ ಮೇಲಿಟ್ಟೆ. ಅಕ್ಕನ ಮಗಳು ಮಲಗಿ ಮೊದಲ ಗುಂಡು ಹಾರಿಸಿದಳು. ಪರದೆಯಲ್ಲಿ ಒಂಬತ್ತರ ಉಂಗುರದಲ್ಲಿ, ಗಡಿಯಾರದ ನಾಲ್ಕು ಗಂಟೆಯ ದಿಕ್ಕಿಗೆ, ಹಸಿರು ಚುಕ್ಕಿ ಮೂಡಿತು. ಅಪ್ಪ ಪರದೆ ನೋಡಿದರು, ದೂರದ ಗುರಿ ನೋಡಿದರು, ಮತ್ತೆ ಪರದೆ. ಅಷ್ಟು ವರ್ಷ ಗುರಿಯನ್ನು ಬುಡದಿಂದ ನೋಡಿದವರು ಅವರು. ಇನ್ನೊಬ್ಬರು ಹೊಡೆದ ಗುಂಡು ಎಲ್ಲಿ ಬಿತ್ತು ಅಂತ ಈ ತುದಿಯಿಂದ ನೋಡಿದ್ದು ಅದೇ ಮೊದಲು.

ಎರಡನೇ ಗುಂಡು ಆದ ಕೂಡಲೇ ಹುಡುಗಿ ತಿರುಗಿ ಪರದೆ ನೋಡಿದಳು, ರೈಫಲ್ಲಿನ ಗುರಿ ಹೊಂದಿಸುವ ಸೈಟಿನ ಮೇಲೆ ಕೈ ಹೋಯಿತು. ಅಪ್ಪ ಟ್ಯಾಬ್ಲೆಟ್ಟನ್ನು ಮಗುಚಿ ಹಾಕಿದರು. ಐದು ಹಾರಿಸು, ಆಮೇಲೆ ನೋಡುವಿಯಂತೆ ಅಂತ ಕೈಬೆರಳಲ್ಲಿ ತೋರಿಸಿದರು. ಸೇನೆಯಲ್ಲಿ ಗ್ರೂಪಿಂಗ್, ಅಂದರೆ ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಅಂತ ನೋಡುವ ಅಭ್ಯಾಸ, ಮಾಡುವಾಗ ಹೀಗೇ, ಐದು ಗುಂಡು ಮುಗಿಯುವವರೆಗೆ ಯಾರಿಗೂ ಏನೂ ತೋರಿಸುತ್ತಿರಲಿಲ್ಲವಂತೆ. ಅದರಲ್ಲಿ ಅರ್ಥವಿದೆ. ಒಂದು ಗುಂಡು ಪಕ್ಕಕ್ಕೆ ಬಿದ್ದರೆ ಅದು ಗಾಳಿಯೋ, ಉಸಿರೋ, ಗುಂಡಿನದ್ದೇ ದೋಷವೋ ತಿಳಿಯುವುದಿಲ್ಲ. ಅದನ್ನೇ ನಂಬಿ ಸೈಟು ತಿರುಗಿಸಿದರೆ ಮುಂದಿನದು ಇನ್ನೊಂದು ಕಡೆ, ಮತ್ತೆ ತಿರುಗಿಸು, ಹೀಗೇ ಅಟ್ಟಿಸಿಕೊಂಡು ಹೋಗುವುದಾಗುತ್ತದೆ. ನಾನು ಆ ರಾತ್ರಿಯೇ ಪ್ರೋಗ್ರಾಂ ಬದಲಿಸಿದೆ. ಈಗ ಐದು ತೂತು ಆದ ಮೇಲೇ ಪರದೆ ತೆರೆಯುತ್ತದೆ. ಅವಳಿಗೆ ಒಂದು ವಾರ ಸಿಟ್ಟಿತ್ತು.

ಇಪ್ಪತ್ತು ಗುಂಡು ಮುಗಿದು ಬಿಡುವು ಕೊಟ್ಟಾಗ ಅಪ್ಪ ಕಿವಿಯದ್ದನ್ನು ತೆಗೆದು ಕೇಳಿದರು.

"ತಗ್ಗಿನ್ಯಾಗ ಯಾರದಾರ?"

"ಯಾರೂ ಇಲ್ಲ ಅಪ್ಪಾ. ಅಲ್ಲಿ ತಗ್ಗೇ ಇಲ್ಲ, ಬರೀ ಚೌಕಟ್ಟು."

"ಒಬ್ಬರೂ ಇಲ್ಲ?"

"ಒಬ್ಬರೂ ಇಲ್ಲ."

ತಲೆಯಾಡಿಸಿದರು. ಸ್ವಲ್ಪ ಹೊತ್ತು ಗುರಿಯ ಕಡೆಯೇ ನೋಡುತ್ತಾ ಕೂತಿದ್ದರು. ಅವರ ಮುಖದಲ್ಲಿ ಏನಿತ್ತು ಅಂತ ಬರೆಯಲು ಎರಡು ಸಲ ಕೂತೆ, ಆಗಲಿಲ್ಲ. ಆಮೇಲೆ ಕೇಳಿದರು, "ಮತ್ತ ಪಟ್ಟಿ ಯಾರ ಹಚ್ಚತಾರ?"

ಪಟ್ಟಿಗೆ ನನ್ನ ಕ್ಯಾಮೆರಾದಲ್ಲಿ ಉತ್ತರ ಇಲ್ಲ. ತೂತು ಒಂದರ ಮೇಲೊಂದು ಬೀಳುವಷ್ಟಾದಾಗ ಯಾರಾದರೂ ಹೋಗಿ ಮುಚ್ಚಲೇಬೇಕು, ಇಲ್ಲವೇ ಕಾಗದ ಬದಲಿಸಬೇಕು. ಗುಂಡು ನಿಂತಿತ್ತು, ಬೋಲ್ಟ್‌ಗಳು ತೆರೆದಿದ್ದವು, ರೇಂಜ್ ಅಧಿಕಾರಿ ಹೋಗಬಹುದು ಅಂದಿದ್ದರು. ಅಪ್ಪ ಎದ್ದರು. ಅಕ್ಕನ ಮಗಳು ಬಣ್ಣದ ಸ್ಟಿಕ್ಕರಿನ ಸುರುಳಿ ತೆಗೆದುಕೊಂಡು "ಬಾ ಅಜ್ಜಾ" ಅಂತ ಅವರ ಕೈ ಹಿಡಿದಳು. 300 ಮೀಟರ್ ಇಬ್ಬರೂ ನಿಧಾನ ನಡೆದರು. ನಾನು ಇಲ್ಲಿಂದ ಪರದೆಯಲ್ಲಿ ನೋಡುತ್ತಿದ್ದೆ. ಓರೆಯಿಂದ, ಕೆಳಗಿನಿಂದ, ಮೊದಲು ಅಪ್ಪನ ಚಪ್ಪಲಿ ಬಂತು, ಆಮೇಲೆ ಕೈ. ಪ್ರತಿ ತೂತನ್ನೂ ಹೆಬ್ಬೆರಳಿನಿಂದ ಒತ್ತಿ, ಸುತ್ತಲಿನ ಹರಿದ ಅಂಚನ್ನು ಒಳಗೆ ಕೂರಿಸಿ, ಆಮೇಲೆ ಪಟ್ಟಿ ಹಚ್ಚುತ್ತಿದ್ದರು. ಇಪ್ಪತ್ತು ಗುಂಡಿಗೆ ಇಪ್ಪತ್ತು ಪಟ್ಟಿ. ಕಂಪ್ಯೂಟರ್ ಪ್ರತಿ ಪಟ್ಟಿಯನ್ನೂ ಹೊಸ ತೂತು ಅಂತ ಎಣಿಸುತ್ತಾ ಹೋಯಿತು. ಅದನ್ನು ಸರಿಮಾಡುವುದು ಇನ್ನೂ ಬಾಕಿ ಇದೆ.

ಸ್ಟಿಕ್ಕರು ಅವರಿಗೆ ಹಿಡಿಸಲಿಲ್ಲ, ಬಿಸಿಲಿಗೆ ಏಳುತ್ತದೆ ಅಂದರು. ಮುಂದಿನ ಭಾನುವಾರ ಬೆಳಿಗ್ಗೆ ಐದಕ್ಕೆ ನಾನು ಎದ್ದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು, ಒಲೆಯ ಮೇಲೆ ಮೈದಾ ಕುದಿಯುತ್ತಿತ್ತು.